ಹಿಮದ ಹಲ್ಲು, ಕೆಸರಿನ ಹಲ್ಲು: ಕೇಜ್ ವೀಲ್ ಹಿಡಿತದ ಮರುಪರಿಶೀಲನೆ

ಮೆತ್ತನೆಯ ನೆಲದಲ್ಲಿ ಓಡುವ ವಾಹನದ ಬಗ್ಗೆ ಎಲ್ಲರೂ ಒಪ್ಪುವುದು ಎರಡೇ ಮಾತು: ಭಾರ ಅಗಲಕ್ಕೆ ಹರಡಬೇಕು, ಹಿಡಿತಕ್ಕೆ ಹಲ್ಲು ಬೇಕು. ಕೆನಡಾದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1937ರಲ್ಲಿ ಹಿಮವಾಹನದ ಟ್ರ್ಯಾಕಿಗೆ ಪೇಟೆಂಟ್ ಪಡೆದದ್ದು, 1959ರಲ್ಲಿ ಸ್ಕಿ-ಡೂ ಮಾರುಕಟ್ಟೆಗೆ ಬಂದದ್ದು ಈ ತಿಳಿವಳಿಕೆಯ ಮೇಲೆಯೇ. ಆಳವಾದ ಹೊಸ ಹಿಮಕ್ಕೆ ಇಳಿಯುವವರು ಇಂದಿಗೂ ಎರಡೂವರೆ, ಮೂರು ಅಂಗುಲದ ಹಲ್ಲಿರುವ ಟ್ರ್ಯಾಕ್ ಹಾಕಿಸಿಕೊಳ್ಳುತ್ತಾರೆ.

ಚನ್ನಗಿರಿ ತಾಲ್ಲೂಕಿನಲ್ಲಿ ಹಿಮವಿಲ್ಲ, ಕೆಸರಿದೆ. ಭದ್ರಾ ನಾಲೆಗೆ ನೀರು ಬಿಟ್ಟರೆ ಅಚ್ಚುಕಟ್ಟಿನ ಗದ್ದೆಗಳಿಗೆ ಕಬ್ಬಿಣದ ಕೇಜ್ ವೀಲ್ ಕಟ್ಟಿದ ಟ್ರ್ಯಾಕ್ಟರುಗಳು ಇಳಿಯುತ್ತವೆ. ಹಾಗಾದರೆ ಹಿಮದ ಸೂತ್ರ ಇಲ್ಲಿಗೂ ಒಪ್ಪುತ್ತದೆಯೇ?

ಒಪ್ಪುತ್ತದೆ ಎನ್ನುವವರಿಗೆ ಆಧಾರ ಮಿಯೆಚಿಸ್ಲಾವ್ ಬೆಕ್ಕರ್. ನೆಲ–ವಾಹನ ಸಂಬಂಧದ ಕುರಿತು 1956ರಲ್ಲಿ ಗ್ರಂಥ ಪ್ರಕಟಿಸಿದ ಅವರು ಮುಂದಿಟ್ಟ ಲೆಕ್ಕದ ಪ್ರಕಾರ ಗರಿಷ್ಠ ತಳ್ಳುಬಲಕ್ಕೆ ಎರಡು ಮೂಲ: ನೆಲ ಮುಟ್ಟುವ ವಿಸ್ತೀರ್ಣಕ್ಕೆ ಮಣ್ಣಿನ ಅಂಟು ಕೊಡುವ ಬಲ, ವಾಹನದ ತೂಕಕ್ಕೆ ಮಣ್ಣಿನ ಒಳಘರ್ಷಣೆ ಕೊಡುವ ಬಲ. ನೀರು ತುಂಬಿದ ಜೇಡಿಯಲ್ಲಿ ಘರ್ಷಣೆಯ ಪಾಲು ಸೊನ್ನೆಯ ಹತ್ತಿರ. ಒಂದು ಟ್ರ್ಯಾಕ್ಟರಿಗೆ 200 ಕಿಲೋ ಹೆಚ್ಚುವರಿ ತೂಕ ಹೇರಿದರೆಂದುಕೊಳ್ಳಿ. ಘರ್ಷಣಾ ಕೋನ 20 ಡಿಗ್ರಿಯಿರುವ ನೆಲದಲ್ಲಿ ಸುಮಾರು 70 ಕಿಲೋ ತೂಕಕ್ಕೆ ಸಮನಾದ ತಳ್ಳುಬಲ ದಕ್ಕುತ್ತದೆ. ಕೆಸರಿನಲ್ಲಿ ದಕ್ಕುವುದು ಹೂತುಕೊಳ್ಳುವ ಭಾಗ್ಯ ಮಾತ್ರ.

ಇಲ್ಲಿಯವರೆಗೆ ತಕರಾರಿಲ್ಲ. ತಕರಾರಿರುವುದು ಬೆಕ್ಕರ್ ನೆಲವನ್ನು ಆಳದುದ್ದಕ್ಕೂ ಒಂದೇ ಬಗೆಯದೆಂದು ಭಾವಿಸಿದ್ದರ ಬಗ್ಗೆ. ಹಿಮ ಹಾಗಿರುವುದಿಲ್ಲ, ನಡುವೆ ಮಂಜುಗಡ್ಡೆಯ ಪದರವಿರಬಹುದೆಂದು ಕೆನಡಾದ ಜೆ. ವೈ. ವಾಂಗ್ ತೋರಿಸಿದರು. ಭತ್ತದ ಗದ್ದೆಯೂ ಪದರದ್ದೇ: ವರ್ಷವರ್ಷವೂ ಕೆಸರು ಕಲಸಿದಲ್ಲಿ ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್ ಕೆಳಗೆ ಗಟ್ಟಿ ತಳ ಕಟ್ಟುತ್ತದೆ. ಆದರೆ ಎರಡರ ನಡತೆ ತಿರುವುಮುರುವು. ಹಿಮದ ಪದರ ಒಡೆದರೆ ನೆಲದ ಪ್ರತಿರೋಧ ಕುಸಿಯುತ್ತದೆ. ಗದ್ದೆಯಲ್ಲಿ ಹಲ್ಲು ತಳ ಮುಟ್ಟಿದಾಗ ಪ್ರತಿರೋಧ ಏರುತ್ತದೆ, ತೂಕಕ್ಕೂ ಬೆಲೆ ಬರುತ್ತದೆ.

ಹೀಗಾಗಿ ಹಲ್ಲಿನ ಎತ್ತರವನ್ನು ಕೆಸರಿನ ಮೆದುತನ ನೋಡಿಯಲ್ಲ, ಗಟ್ಟಿ ತಳದ ಆಳ ನೋಡಿ ನಿರ್ಧರಿಸಬೇಕೆಂಬುದು ಈ ಲೇಖನದ ವಾದ. ಇದಕ್ಕೆ ಮಿತಿಗಳುಂಟು. ಹೊಸದಾಗಿ ಗದ್ದೆ ಮಾಡಿದ ಹೊಲದಲ್ಲಿ ತಳ ಇನ್ನೂ ಕಟ್ಟಿರಲಾರದು. ಅಲ್ಲಿ ಬೆಕ್ಕರ್ ಲೆಕ್ಕವೇ ಸಾಕಾದೀತು. ಹಲ್ಲುಗಳ ನಡುವಿನ ಅಂತರ ಕಿರಿದಾದರೆ ಜೇಡಿ ಮೆತ್ತಿಕೊಂಡು ಚಕ್ರ ನುಣ್ಣನೆಯ ಉರುಳೆಯಾಗುತ್ತದೆ. ಆಗ ಎತ್ತರದ ಚರ್ಚೆಗೇ ಅರ್ಥವಿಲ್ಲ. ಹಲ್ಲು ತೀರ ಉದ್ದವಾದರೆ ತಳವನ್ನೇ ಸೀಳಿ, ನಿಂತ ನೀರು ಇಂಗಿಹೋಗುವ ಅಪಾಯವೂ ಇದೆ.

ಕಪ್ಪು ಮಣ್ಣಿಗೂ ಕೆಂಪು ಮಣ್ಣಿಗೂ ಈ ಲೆಕ್ಕ ಎಷ್ಟು ಬದಲಾಗುತ್ತದೆಂಬುದು ತೆರೆದ ಪ್ರಶ್ನೆ. ಚನ್ನಗಿರಿ, ಹೊನ್ನಾಳಿಯ ಗದ್ದೆಗಳಲ್ಲಿ ಪೆನೆಟ್ರೋಮೀಟರ್ ಇಳಿಸಿ ತಳದ ಆಳ, ಗಟ್ಟಿತನ ಅಳೆದರೆ ಮಾತ್ರ ಇತ್ಯರ್ಥವಾದೀತು. ಅಲ್ಲಿಯವರೆಗೆ ವೆಲ್ಡಿಂಗ್ ಅಂಗಡಿಗೆ ಹೋಗುವ ಮುನ್ನ ರೈತರು ಒಂದು ಸರಳನ್ನು ಗದ್ದೆಗೆ ಚುಚ್ಚಿ ತಳದ ಆಳ ನೋಡಿಕೊಳ್ಳುವುದು ಒಳ್ಳೆಯದು.