ಕೆಂಟಕಿಯ ಎರಡು ವಿದ್ಯಾಪೀಠಗಳ ಚೆಂಡಾಟದ ಸ್ಪರ್ಧೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೆಂಟಕಿ ಎಂಬುದೊಂದು. ಓಹಾಯೋ ನದಿಯ ದಕ್ಷಿಣಕ್ಕೆ ಹಬ್ಬಿದ ಈ ನಾಡು ಕುದುರೆಗಳ ಸಾಕಣೆಗೂ ಹೊಗೆಸೊಪ್ಪಿನ ಬೆಳೆಗೂ ಬಹುಕಾಲದಿಂದ ಹೆಸರಾದುದು. ಆದರೆ ಅಲ್ಲಿಯ ಜನರು ಇವೆರಡಕ್ಕಿಂತಲೂ ಹೆಚ್ಚಿನ ಅಭಿಮಾನವನ್ನು ಬ್ಯಾಸ್ಕೆಟ್‌ಬಾಲ್ ಎಂಬ ಚೆಂಡಾಟದ ಮೇಲೆ ಇಟ್ಟಿರುವರೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ೧೮೯೧ ರಲ್ಲಿ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನು ಚಳಿಗಾಲದಲ್ಲಿ ವಿದ್ಯಾರ್ಥಿಗಳಿಗೆ ಒಳಾಂಗಣದ ವ್ಯಾಯಾಮವೊಂದು ಬೇಕೆಂದು, ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಬಡಿದು ಈ ಆಟವನ್ನು ಹುಟ್ಟಿಸಿದನು. ಕೆಲವೇ ವರುಷಗಳಲ್ಲಿ ಅದು ದೇಶದ ವಿದ್ಯಾಶಾಲೆಗಳಿಗೆಲ್ಲ ಹರಡಿತು.

ಕೆಂಟಕಿಯಲ್ಲಿ ಎರಡು ದೊಡ್ಡ ವಿದ್ಯಾಪೀಠಗಳಿವೆ. ಲೆಕ್ಸಿಂಗ್ಟನ್ ನಗರದ ಕೆಂಟಕಿ ವಿದ್ಯಾಪೀಠವು ೧೮೬೫ ರಲ್ಲಿ ಸ್ಥಾಪಿತವಾದುದು; ಸಂಸ್ಥಾನದ ಹೆಸರನ್ನೇ ಹೊತ್ತು ಸರಕಾರದ ಆಶ್ರಯದಲ್ಲಿ ಬೆಳೆದುದು. ಅಲ್ಲಿಂದ ಸುಮಾರು ೮೦ ಮೈಲಿ ದೂರದ ಲೂಯಿವಿಲ್ ವಿದ್ಯಾಪೀಠವು ತನ್ನ ಮೂಲವನ್ನು ೧೭೯೮ ರಷ್ಟು ಹಿಂದಕ್ಕೆ ಎಣಿಸುತ್ತದೆಯಾದರೂ, ಬಹುಕಾಲ ಆ ಪಟ್ಟಣದವರ ಪೋಷಣೆಯಲ್ಲಿಯೇ ಇದ್ದು ೧೯೭೦ ರಲ್ಲಿ ಸಂಸ್ಥಾನದ ವ್ಯವಸ್ಥೆಗೆ ಸೇರಿತು. ಮೊದಲನೆಯದರ ಬಣ್ಣ ನೀಲಿ, ಎರಡನೆಯದರದು ಕೆಂಪು. ಹಳ್ಳಿಗಾಡಿನ ಜನ ಬಹುತೇಕ ನೀಲಿಯ ಕಡೆಯವರು. ಲೂಯಿವಿಲ್ ಪಟ್ಟಣಿಗರಲ್ಲಿ ಕೆಂಪಿನ ಅಭಿಮಾನಿಗಳು ಹೆಚ್ಚು.

ಇವೆರಡೂ ೧೯೧೩ ರಲ್ಲಿ ಮೊದಲ ಸಲ ಎದುರುಬದುರಾದವು. ೧೯೨೨ ರ ತರುವಾಯ ಕೆಂಟಕಿಯವರು ಲೂಯಿವಿಲ್ಲಿನವರೊಡನೆ ಕ್ರಮದ ಪಂದ್ಯಗಳನ್ನು ಆಡುವುದನ್ನೇ ನಿಲ್ಲಿಸಿದರು. ಆ ನಿಲುಗಡೆ ೬೧ ವರುಷ ನಡೆಯಿತು. ೧೯೩೦ ರಲ್ಲಿ ಕೆಂಟಕಿಯ ಆಟದ ಶಿಕ್ಷಕನಾಗಿ ಬಂದ ಅಡಾಲ್ಫ್ ರಪ್‌ನು ೧೯೭೨ ರವರೆಗೆ ಆ ಸ್ಥಾನದಲ್ಲಿದ್ದು ೮೭೬ ಪಂದ್ಯಗಳನ್ನು ಗೆಲ್ಲಿಸಿದನು. ೧೯೪೮, ೧೯೪೯, ೧೯೫೧, ೧೯೫೮ ಈ ನಾಲ್ಕು ವರುಷ ರಾಷ್ಟ್ರದ ಅಗ್ರಪದವಿಯನ್ನು ತಂದುಕೊಟ್ಟನು. ಇಷ್ಟು ಕೀರ್ತಿವಂತರಾದವರಿಗೆ ನೆರೆಯ ಪಟ್ಟಣದ ತಂಡದೊಡನೆ ಸೆಣಸುವುದರಲ್ಲಿ ಏನು ಲಾಭ? ಗೆದ್ದರೆ ಹೊಸ ಕೀರ್ತಿಯಿಲ್ಲ. ಸೋತರೆ ಅಪಕೀರ್ತಿ ತಪ್ಪದು. ಎರಡರಲ್ಲಿ ಯಾವುದಾದರೂ ಎದುರಾಳಿಗೆ ಸರಿಸಮಾನದ ಮಾನ ಕೊಟ್ಟಂತೆಯೇ ಸರಿ. ಈ ಲೆಕ್ಕಾಚಾರವು ಜಾಣತನದ್ದೆಂದು ಒಪ್ಪಬಹುದು. ಆದರೆ ಇದನ್ನು ಧೈರ್ಯವೆಂದು ಕರೆಯುವುದು ಕಷ್ಟ.

ಮನಸ್ಸಿಲ್ಲದಿದ್ದರೂ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇಬ್ಬರೂ ಆಗಾಗ ಒಂದೇ ಅಂಗಳಕ್ಕೆ ಬರಲೇಬೇಕಾಯಿತು. ೧೯೫೧ ರಲ್ಲಿ ರಾಲೀ ನಗರದಲ್ಲಿ ಕೆಂಟಕಿಯವರು ೭೯-೬೮ ರಿಂದ ಗೆದ್ದರು. ೧೯೫೯ ರಲ್ಲಿ ಇವಾನ್‌ಸ್ಟನ್ ನಗರದಲ್ಲಿ ಪೆಕ್ ಹಿಕ್‌ಮನ್ ಎಂಬ ಶಿಕ್ಷಕನ ಕೈಕೆಳಗೆ ಪಳಗಿದ ಲೂಯಿವಿಲ್ಲಿನ ಯುವಕರು, ಹಿಂದಿನ ವರುಷವಷ್ಟೇ ದೇಶವನ್ನು ಗೆದ್ದಿದ್ದ ಕೆಂಟಕಿಯವರನ್ನು ೭೬-೬೧ ರಿಂದ ಸೋಲಿಸಿದರು. ಆ ವರುಷದ ಅಂತಿಮ ಪಂದ್ಯಗಳು ನಡೆದದ್ದು ಲೂಯಿವಿಲ್ ನಗರದಲ್ಲಿಯೇ ಎಂಬುದು ಗಾಯಕ್ಕೆ ಉಪ್ಪು ಸವರಿದಂತಿತ್ತು. ಆಮೇಲೆ ೨೪ ವರುಷ ಇಬ್ಬರ ಮುಖಾಮುಖಿಯೇ ಇಲ್ಲ.

ಈ ಮೌನದ ಕಾಲದಲ್ಲಿ ಆಟಕ್ಕಿಂತ ಗಹನವಾದ ಮತ್ತೊಂದು ಭೇದವು ಎರಡು ವಿದ್ಯಾಪೀಠಗಳ ನಡುವೆ ಬೆಳೆಯಿತು. ೧೯೦೪ ರ ಒಂದು ಕಾಯದೆಯ ಪ್ರಕಾರ ಕೆಂಟಕಿಯಲ್ಲಿ ಕರಿಯ ಮತ್ತು ಬಿಳಿಯ ಜನಾಂಗದವರು ಒಂದೇ ಶಾಲೆಯಲ್ಲಿ ಕೂಡಿ ಕಲಿಯುವುದು ಅಪರಾಧವಾಗಿತ್ತು. ಲೂಯಿವಿಲ್ಲಿನಲ್ಲಿ ಉಪಾಧ್ಯಾಯನಾಗಿದ್ದ ಲೈಮನ್ ಜಾನ್‌ಸನ್ ಎಂಬ ಕರಿಯ ಗೃಹಸ್ಥನು ನ್ಯಾಯಾಸ್ಥಾನಕ್ಕೆ ಹೋಗಿ, ೧೯೪೯ ರಲ್ಲಿ ಕೆಂಟಕಿ ವಿದ್ಯಾಪೀಠದ ಉನ್ನತ ತರಗತಿಗಳ ಬಾಗಿಲನ್ನು ತನ್ನವರಿಗೆ ತೆರೆಯಿಸಿದನು. ತರಗತಿಯ ಬಾಗಿಲು ತೆರೆದರೂ ಆಟದ ಅಂಗಳದ ಬಾಗಿಲು ತೆರೆಯಲು ಇನ್ನೂ ಇಪ್ಪತ್ತು ವರುಷ ಬೇಕಾದವು. ಲೂಯಿವಿಲ್ಲಿನವರು ೧೯೬೨ ರಲ್ಲಿ ವೇಡ್ ಹ್ಯೂಸ್ಟನ್ ಮುಂತಾದ ಕರಿಯ ತರುಣರನ್ನು ತಂಡಕ್ಕೆ ಸೇರಿಸಿಕೊಂಡರು. ಲೂಯಿವಿಲ್ಲಿನವನೇ ಆದ ವೆಸ್ ಅನ್‌ಸೆಲ್ಡ್ ಎಂಬ ಬಲಶಾಲಿಯನ್ನು ಕೆಂಟಕಿಯವರೂ ಕರೆದರು. ಆತನು ತನ್ನ ಊರನ್ನೇ ಆರಿಸಿಕೊಂಡನು. ೧೯೬೬ ರ ಅಂತಿಮ ಪಂದ್ಯದಲ್ಲಿ ಬಿಳಿಯರೇ ತುಂಬಿದ್ದ ರಪ್‌ನ ತಂಡವನ್ನು, ಐವರು ಕರಿಯರನ್ನು ಮೊದಲಿಗೇ ಅಂಗಳಕ್ಕಿಳಿಸಿದ ಟೆಕ್ಸಾಸ್ ವೆಸ್ಟರ್ನ್ ಕಾಲೇಜಿನವರು ೭೨-೬೫ ರಿಂದ ಮಣಿಸಿದ್ದು ದೇಶವೆಲ್ಲ ಕಂಡ ಸಂಗತಿ. ಕೆಂಟಕಿಯ ತಂಡಕ್ಕೆ ಮೊದಲ ಕರಿಯ ಆಟಗಾರನಾಗಿ ಟಾಮ್ ಪೇನ್ ಎಂಬಾತನು ಒಪ್ಪಿಗೆಯಿತ್ತುದು ೧೯೬೯ ರಲ್ಲಿ. ಆದುದರಿಂದ ಲೂಯಿವಿಲ್ ಪಟ್ಟಣದ ಅನೇಕ ಕರಿಯ ಮನೆತನಗಳಲ್ಲಿ ಕೆಂಪು ಬಣ್ಣದ ಮೇಲಿನ ಪ್ರೀತಿಯು ಬರಿಯ ಊರ ಅಭಿಮಾನವಾಗಿ ಉಳಿಯಲಿಲ್ಲ. ಈ ಮಾತನ್ನು ಬಿಟ್ಟು ಪಂದ್ಯಗಳ ಎಣಿಕೆಯನ್ನು ಮಾತ್ರ ಹೇಳುವವರು ಅರ್ಧ ಚರಿತ್ರೆಯನ್ನೇ ಹೇಳಿದಂತಾಗುವುದು.

೧೯೭೧ ರಲ್ಲಿ ಡೆನಿ ಕ್ರಮ್ ಎಂಬುವನು ಪಶ್ಚಿಮ ಕರಾವಳಿಯಿಂದ ಲೂಯಿವಿಲ್ಲಿಗೆ ಶಿಕ್ಷಕನಾಗಿ ಬಂದನು. ಮರುವರುಷ ರಪ್‌ನ ಪೀಠಕ್ಕೆ ಆತನ ಶಿಷ್ಯನೂ ಕೆಂಟಕಿಯ ಮಣ್ಣಿನವನೂ ಆದ ಜೋ ಬಿ. ಹಾಲ್ ಬಂದನು. ಕ್ರಮ್‌ನು ಪಂದ್ಯವಾಗಲೆಂದು ಬಹಿರಂಗವಾಗಿ ಕೇಳುತ್ತಲೇ ಇದ್ದನು. ಹಾಲನು ಗುರುವಿನ ಕಟ್ಟಳೆಯನ್ನು ಬಿಡಲೊಲ್ಲನು. ೧೯೭೮ ರಲ್ಲಿ ಕೆಂಟಕಿಯೂ ೧೯೮೦ ರಲ್ಲಿ ಲೂಯಿವಿಲ್ಲೂ ರಾಷ್ಟ್ರವನ್ನು ಗೆದ್ದ ಮೇಲಂತೂ, ಎದುರಾಳಿ ಚಿಕ್ಕವನೆಂಬ ಹಳೆಯ ನೆವಕ್ಕೆ ಆಧಾರವೇ ಉಳಿಯಲಿಲ್ಲ. ೧೯೮೨ ರಲ್ಲಿ ರಾಷ್ಟ್ರೀಯ ಸ್ಪರ್ಧೆಯ ಜೋಡಣೆ ಇಬ್ಬರನ್ನೂ ಹತ್ತಿರ ತಂದಿತು. ಕೆಂಟಕಿಯು ಒಂದು ಪಂದ್ಯ ಗೆದ್ದರೆ ಲೂಯಿವಿಲ್ಲೇ ಎದುರು. ಆದರೆ ಕೆಂಟಕಿಯವರು ಮಿಡ್ಲ್ ಟೆನ್ನೆಸ್ಸೀ ಎಂಬ ಅಷ್ಟೇನೂ ಹೆಸರಿಲ್ಲದ ತಂಡಕ್ಕೆ ೫೦-೪೪ ರಿಂದ ಸೋತು ಮನೆಗೆ ಹೋದರು. ಸಂಸ್ಥಾನಕ್ಕೆ ಸಂಸ್ಥಾನವೇ ನಿಟ್ಟುಸಿರಿಟ್ಟಿತು.

ಮರುವರುಷ ತಪ್ಪಲಿಲ್ಲ. ೧೯೮೩ ರ ಮಾರ್ಚ್ ೨೬ ರಂದು ನೆರೆಯ ಟೆನ್ನೆಸ್ಸೀ ಸಂಸ್ಥಾನದ ನಾಕ್ಸ್‌ವಿಲ್ ನಗರದಲ್ಲಿ ಇಬ್ಬರೂ ಎದುರಾದರು. ಗೆದ್ದವರಿಗೆ ರಾಷ್ಟ್ರದ ಕೊನೆಯ ನಾಲ್ವರಲ್ಲಿ ಸ್ಥಾನ. ಕೆಂಟಕಿಯ ಗವರ್ನರನಾಗಿದ್ದ ಜಾನ್ ವೈ. ಬ್ರೌನ್‌ನು ಅರ್ಧ ಕೆಂಪು ಅರ್ಧ ನೀಲಿಯ ಕೋಟು ತೊಟ್ಟು ಬಂದಿದ್ದನು. ಇಬ್ಬರ ಮತವೂ ಬೇಕಾದವನಿಗೆ ಬೇರೆ ಉಡುಪು ಯಾವುದಿದ್ದೀತು! ಮೊದಲಿಗೆ ಕೆಂಟಕಿಯವರು ಮುಂದಿದ್ದರು. ಉತ್ತರಾರ್ಧದಲ್ಲಿ ಲೂಯಿವಿಲ್ಲಿನವರು ಅಂಗಳದ ಉದ್ದಕ್ಕೂ ಎದುರಾಳಿಗಳನ್ನು ಒತ್ತಿಹಿಡಿದು ಸಮನಾದರು. ಕೊನೆಯ ಗಳಿಗೆಯಲ್ಲಿ ಲ್ಯಾಂಕಸ್ಟರ್ ಗಾರ್ಡನ್‌ನ ಎಸೆತದಿಂದ ಲೂಯಿವಿಲ್ ಎರಡು ಅಂಕ ಮುಂದಾಯಿತು. ಗಂಟೆ ಬಾರಿಸುವಷ್ಟರಲ್ಲಿ ಕೆಂಟಕಿಯ ಜಿಮ್ ಮಾಸ್ಟರ್ ಚೆಂಡನ್ನು ಬುಟ್ಟಿಗೆ ಹಾಕಿ ೬೨-೬೨ ಮಾಡಿದನು. ಅರವತ್ತು ವರುಷಗಳ ವಿವಾದಕ್ಕೆ ನಿಯಮಿತ ಕಾಲವೂ ಸಾಲದಾಯಿತು. ಹೆಚ್ಚಿನ ಐದು ನಿಮಿಷಗಳಲ್ಲಿ ಮಾತ್ರ ಸಂದೇಹ ಉಳಿಯಲಿಲ್ಲ: ಲೂಯಿವಿಲ್ ೧೮, ಕೆಂಟಕಿ ೬. ಒಟ್ಟು ೮೦-೬೮.

ಸೋಲಿನಿಂದ ಕೆಂಟಕಿಗೆ ಆಗುವುದೆಂದು ಹೆದರಿದ್ದ ಹಾನಿ ಯಾವುದೂ ಆಗಲಿಲ್ಲ. ಅದೇ ವರುಷ ವಿದ್ಯಾಪೀಠದ ಆಡಳಿತದವರು ವರುಷಕ್ಕೊಂದು ಪಂದ್ಯಕ್ಕೆ ಒಪ್ಪಿದರು. ನವೆಂಬರ್ ೨೬ ರಂದು ಲೆಕ್ಸಿಂಗ್ಟನ್ನಿನಲ್ಲಿ ರಪ್‌ನ ಹೆಸರನ್ನೇ ಇಟ್ಟ ಭವನದಲ್ಲಿ ಕೆಂಟಕಿ ೬೫-೪೪ ರಿಂದ ಸೇಡು ತೀರಿಸಿಕೊಂಡಿತು; ೧೯೮೪ ರ ಮಾರ್ಚಿನಲ್ಲಿ ರಾಷ್ಟ್ರೀಯ ಸ್ಪರ್ಧೆಯಲ್ಲಿಯೂ ಅಲ್ಲಿಯೇ ೭೨-೬೭ ರಿಂದ ಗೆದ್ದಿತು. ೧೯೮೬ ರಲ್ಲಿ ಲೂಯಿವಿಲ್ ಎರಡನೆಯ ಬಾರಿ ದೇಶದ ಅಗ್ರಸ್ಥಾನ ಪಡೆಯಿತು.

ಮುಂದಿನ ಕಥೆಯಲ್ಲಿ ವಿಚಿತ್ರವಾದುದು ರಿಕ್ ಪಿಟಿನೋ ಎಂಬ ಶಿಕ್ಷಕನದು. ೧೯೯೬ ರಲ್ಲಿ ಕೆಂಟಕಿಗೆ ಅಗ್ರಪದವಿ ತಂದ ಈತನು ೨೦೦೧ ರಲ್ಲಿ ಲೂಯಿವಿಲ್ಲಿನ ಪಕ್ಷವನ್ನು ಸೇರಿದನು. ನೀಲಿಯವರು ಇದನ್ನು ದ್ರೋಹವೆಂದೇ ಎಣಿಸಿದರು. ೨೦೧೨ ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕೊನೆಯ ನಾಲ್ವರಲ್ಲಿ ಇಬ್ಬರೂ ಸಂಧಿಸಿದಾಗ ಕೆಂಟಕಿ ೬೯-೬೧ ರಿಂದ ಗೆದ್ದು ತನ್ನ ಎಂಟನೆಯ ಅಗ್ರಪದವಿಯತ್ತ ನಡೆಯಿತು. ಮರುವರುಷ ಪಿಟಿನೋ ಲೂಯಿವಿಲ್ಲಿಗೆ ಗೆದ್ದುಕೊಟ್ಟ ಪದವಿಯನ್ನು ನಿಯಮಭಂಗದ ಕಾರಣದಿಂದ ೨೦೧೮ ರಲ್ಲಿ ದಾಖಲೆಯಿಂದ ತೆಗೆದುಹಾಕಲಾಯಿತು.

ಹಾಲ್ ಮತ್ತು ಕ್ರಮ್ ಇಬ್ಬರೂ ಕೆಲಸದಿಂದ ನಿವೃತ್ತರಾದ ಮೇಲೆ, ೨೦೦೪ ರಿಂದ ಹತ್ತು ವರುಷ ಒಂದೇ ಆಕಾಶವಾಣಿ ಕಾರ್ಯಕ್ರಮವನ್ನು ಜೊತೆಯಾಗಿ ನಡೆಸಿದರು. ಒಂದು ಪಂದ್ಯವನ್ನು ಬೇಡಿದವನೂ ಅದನ್ನು ನಿರಾಕರಿಸಿದವನೂ ಅಕ್ಕಪಕ್ಕದಲ್ಲಿ ಕುಳಿತು ಹರಟುವುದನ್ನು ನೀಲಿಯವರೂ ಕೆಂಪಿನವರೂ ಆಲಿಸಿದರು. ಹಾಲನು ೨೦೨೨ ರ ಜನವರಿಯಲ್ಲಿಯೂ ಕ್ರಮ್‌ನು ೨೦೨೩ ರ ಮೇ ತಿಂಗಳಿನಲ್ಲಿಯೂ ತೀರಿಕೊಂಡರು.