ಬಟ್ಟಲ ತಳದ ಹೆಸರು

ಬೀದರದ ಮಕ್ಕಳು ಅಜ್ಜ-ಅಜ್ಜಿಯರ ಜೊತೆ ಕುಳಿತು ನೋಡುವಂಥ ನಾಟಕವೊಂದನ್ನು ನೂರ್ ಇನಾಯತ್ ಖಾನ್ ಮೇಲೆ ಬರೆಯಲು ಹೊರಟಾಗ ನನ್ನ ಕೈಲಿದ್ದುದು ಒಂದೇ ಸಾಲು: ಟಿಪ್ಪುವಿನ ವಂಶದವಳು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಗೂಢಚಾರಿಣಿ. ಆ ಸಾಲಿನ ಒಂದೊಂದು ಮಾತಿಗೂ ಆಧಾರ ಹುಡುಕತೊಡಗಿದೆ.

ಮೊದಲು ವಂಶ. ತಂದೆ ಹಜರತ್ ಇನಾಯತ್ ಖಾನ್ ಸೂಫಿ, ಸಂಗೀತಗಾರ. 1882ರಲ್ಲಿ ಬರೋಡೆಯಲ್ಲಿ ಹುಟ್ಟಿದವರು. ಅವರ ತಾಯಿಯ ತಂದೆ ಮೌಲಾಬಕ್ಷ್ ಮೈಸೂರು ಆಸ್ಥಾನದ ಮನ್ನಣೆ ಪಡೆದ ಗವಾಯಿ. ಮೌಲಾಬಕ್ಷರ ಹೆಂಡತಿ ಟಿಪ್ಪುವಿನ ಮೊಮ್ಮಗಳೆಂಬುದು ಮನೆತನದ ನಂಬಿಕೆ. ಅದನ್ನು ನಂಬಿಕೆಯಾಗಿಯೇ ಅಜ್ಜಿಯ ಪಾತ್ರದ ಬಾಯಲ್ಲಿಟ್ಟೆ. ಇನಾಯತ್ ಖಾನರಿಗೆ ಗುರು ದೊರೆತದ್ದು ಹೈದರಾಬಾದಿನಲ್ಲಿ. ಆಗ ನಮ್ಮ ಬೀದರವೂ ಅದೇ ನಿಜಾಮನ ಸೀಮೆ. ತಾಯಿ ಅಮೆರಿಕದ ಓರಾ ರೇ ಬೇಕರ್. ಮಗಳು 1914ರ ಜನವರಿ 1ರಂದು ಮಾಸ್ಕೋದಲ್ಲಿ ಹುಟ್ಟಿ, ಪ್ಯಾರಿಸ್ ಬಳಿ ಬೆಳೆದು, 1939ರಲ್ಲಿ ಇಪ್ಪತ್ತು ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದಳು.

ಆಮೇಲೆ ಕಡತ. ಲಂಡನ್ನಿನ ಕ್ಯೂ ರಾಷ್ಟ್ರೀಯ ದಫ್ತರಖಾನೆಯಲ್ಲಿ ಅವಳ ಸೇವಾ ಕಡತವಿದೆ. ಗೂಢಚಾರಿಕೆಯ ಕೆಲಸಕ್ಕೆ ಅವಳ ಸ್ವಭಾವ ಒಗ್ಗದೆಂದು ತರಬೇತಿ ಅಧಿಕಾರಿ ಬರೆದ. ಮೇಲಧಿಕಾರಿ ಬಕ್‌ಮಾಸ್ಟರ್ ಅದನ್ನು ತಳ್ಳಿಹಾಕಿದ. 1943ರ ಜೂನ್ 16ರ ರಾತ್ರಿ ಪುಟ್ಟ ವಿಮಾನದಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಹೋದಳು. ಬ್ರಿಟನ್ನಿನಿಂದ ಅಲ್ಲಿಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳೇ. ಜೊತೆಗಾರರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದಾಗಲೂ ಮರಳಿ ಬರಲೊಪ್ಪದೆ ಸಂದೇಶ ಕಳಿಸುತ್ತಲೇ ಇದ್ದಳು. ಅಕ್ಟೋಬರಿನಲ್ಲಿ ಸೆರೆಯಾದಳು.

ಕೊನೆಯ ಅಂಕಕ್ಕೆ ಬಂದಾಗ ದಾಖಲೆಯೇ ತಡವರಿಸಿತು. 1944ರ ಜುಲೈ 6ರಂದು ನಾಟ್ಸ್‌ವೈಲರ್ ಶಿಬಿರದಲ್ಲಿ ಕೊಲೆಯಾದ ನಾಲ್ವರು ಹೆಂಗಸರಲ್ಲಿ ನೂರ್ ಒಬ್ಬಳೆಂದು ಯುದ್ಧಾನಂತರ ತನಿಖೆ ಮಾಡಿದ ವೆರಾ ಆಟ್ಕಿನ್ಸ್ ಮೊದಲು ತೀರ್ಮಾನಿಸಿದ್ದರು. ಆದರೆ ಫೋರ್ಟ್ಸ್‌ಹೈಮ್ ಜೈಲಿನಲ್ಲಿದ್ದ ಫ್ರೆಂಚ್ ಕೈದಿ ಯೋಲಾಂದ್ ಲಾಗ್ರಾವ್ ಹೇಳಿದ್ದೇ ಬೇರೆ. ಕೈಕಾಲಿಗೆ ಬೇಡಿ ತೊಡಿಸಿ ಒಂಟಿ ಕೋಣೆಯಲ್ಲಿಟ್ಟಿದ್ದ ಹೆಣ್ಣೊಬ್ಬಳು ಊಟದ ಬಟ್ಟಲಿನ ತಳದಲ್ಲಿ ಗೀಚಿ ಸುದ್ದಿ ದಾಟಿಸುತ್ತಿದ್ದಳು. ತನ್ನ ಹೆಸರು ನೋರಾ ಬೇಕರ್, ಮನೆ ಲಂಡನ್ನಿನ 4, ಟ್ಯಾವಿಟನ್ ಸ್ಟ್ರೀಟ್ ಎಂದಿದ್ದಳು. ನೋರಾ, ನೂರಳ ಸೇನಾ ಹೆಸರು. ಬೇಕರ್, ತಾಯಿಯ ತವರಿನ ಹೆಸರು. ಅವಳು ಸೆಪ್ಟೆಂಬರಿನವರೆಗೂ ಅಲ್ಲಿದ್ದಳೆಂದ ಮೇಲೆ ಜುಲೈನಲ್ಲಿ ಸತ್ತದ್ದು ಹೇಗೆ? ಆಟ್ಕಿನ್ಸ್ ಮತ್ತೆ ಹುಡುಕಿ ತಮ್ಮ ತಪ್ಪು ತಿದ್ದಿದರು: ನೂರಳನ್ನು ಕೊಂದದ್ದು ಡಖಾವ್ ಶಿಬಿರದಲ್ಲಿ, 1944ರ ಸೆಪ್ಟೆಂಬರ್ 13ರಂದು. 1949ರಲ್ಲಿ ಅವಳಿಗೆ ಜಾರ್ಜ್ ಕ್ರಾಸ್ ಶೌರ್ಯ ಪದಕ ಸಂದಿತು.

ಹಾಗಾದರೆ ನಾಟ್ಸ್‌ವೈಲರಿನ ನಾಲ್ಕನೆಯವಳು ಯಾರು? ಸೋನಿಯಾ ಓಲ್ಶಾನೆಸ್ಕಿ: ಜರ್ಮನಿಯಲ್ಲಿ ಹುಟ್ಟಿದ ಯಹೂದಿ, ನರ್ತಕಿ, ಫ್ರಾನ್ಸಿನಲ್ಲಿಯೇ ಗುಪ್ತದಳ ಸೇರಿದವಳು. ಅದು ಪತ್ತೆಯಾದದ್ದು ಆಮೇಲೆ.

ಆದ್ದರಿಂದ ನನ್ನ ನಾಟಕಕ್ಕೆ ಪಿಸ್ತೂಲು ಬೇಡ, ಒಂದು ಬಟ್ಟಲು ಸಾಕು. ಅದನ್ನು ಮಗುಚಿದರೆ ಹೆಸರು ಕಾಣಬೇಕು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಭಾಲ್ಕಿಯ ಮಕ್ಕಳಿಗೆ, ಬಚ್ಚಿಟ್ಟು ಉಳಿಸಿಕೊಳ್ಳುವುದೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ನೂರಳ ಕಥೆ ಆಡುವವರಲ್ಲಿ ನನ್ನದೊಂದೇ ಕೋರಿಕೆ: ಪರದೆ ಬೀಳುವ ಮುನ್ನ ಸೋನಿಯಾಳ ಹೆಸರನ್ನೂ ಹೇಳಿ.