ಮೂಡ್ ಸ್ವಿಂಗ್‌ಗೆ ಮನೆಮದ್ದು: ಯಾವುದು ನಿಜ, ಯಾವುದು ಅಪಾಯ?

ಬೆಳಿಗ್ಗೆ ನಗುನಗುತ್ತಾ ಎದ್ದವರಿಗೆ ಮಧ್ಯಾಹ್ನ ಸುಮ್ಮಸುಮ್ಮನೆ ಸಿಟ್ಟು, ಸಂಜೆ ಅಳು. ಇದಕ್ಕೆ ವಾಟ್ಸ್‌ಆಪ್‌ನಲ್ಲಿ ಪರಿಹಾರಗಳಿಗೇನೂ ಬರವಿಲ್ಲ. ದಿನಕ್ಕೆರಡು ಬಾಳೆಹಣ್ಣು ತಿನ್ನಿ, ಹಾಲಿಗೆ ಅಶ್ವಗಂಧ ಬೆರೆಸಿ ಕುಡಿಯಿರಿ, ಒಂದು ವಾರ ಉಪ್ಪು ಬಿಟ್ಟು ದೇಹ ಶುದ್ಧಿ ಮಾಡಿಕೊಳ್ಳಿ, ಮಾತ್ರೆಗಳನ್ನು ನಿಲ್ಲಿಸಿಬಿಡಿ ಎನ್ನುತ್ತವೆ ಇಂತಹ ಮೆಸೇಜ್‌ಗಳು. ಇವುಗಳಲ್ಲಿ ಕೆಲವು ನಿರುಪದ್ರವಿ. ಆದರೆ ಕೊನೆಯ ಎರಡು ಸಲಹೆಗಳು ಕೆಲವರನ್ನು ಆಸ್ಪತ್ರೆಗೆ ಸೇರಿಸಬಲ್ಲವು. ಹೇಗೆ ಎಂದು ನೋಡೋಣ.

ಮೊದಲು ಕಾರಣ ತಿಳಿಯಿರಿ

ಮನಸ್ಸಿನ ಏರಿಳಿತ ಎಲ್ಲರಿಗೂ ಸಹಜ. ನಿದ್ದೆಗೇಡು, ಹಸಿವು, ಕೆಲಸದ ಒತ್ತಡ ಇದ್ದರೆ ಅದು ಹೆಚ್ಚುತ್ತದೆ. ಮುಟ್ಟಿನ ಹಿಂದಿನ ದಿನಗಳು, ಹೆರಿಗೆಯ ನಂತರದ ವಾರಗಳು, ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಇದು ಸಾಮಾನ್ಯ. ಥೈರಾಯ್ಡ್ ತೊಂದರೆ, ರಕ್ತಹೀನತೆ, ವಿಟಮಿನ್ ಬಿ12 ಕೊರತೆಯೂ ಕಾರಣವಾಗಿರಬಹುದು. ಇವನ್ನು ರಕ್ತ ಪರೀಕ್ಷೆಯಿಂದ ಪತ್ತೆ ಹಚ್ಚಬಹುದು. ಥೈರಾಯ್ಡ್ ಕಾರಣವಾಗಿದ್ದರೆ ಎಷ್ಟು ಕಷಾಯ ಕುಡಿದರೂ ಪ್ರಯೋಜನವಿಲ್ಲ.

ಬಾಳೆಹಣ್ಣಿನಿಂದ ಖುಷಿ ಬರುತ್ತದೆಯೇ?

ಬಾಳೆಹಣ್ಣಿನಲ್ಲಿ ಸಿರೊಟೋನಿನ್ ಇರುವುದು ನಿಜ. ಆದರೆ ತಿಂದ ಸಿರೊಟೋನಿನ್ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಮೆದುಳು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಸಿದಾಗ ಬಾಳೆಹಣ್ಣು ತಿಂದರೆ ಕಿರಿಕಿರಿ ಕಡಿಮೆಯಾಗುವುದು ಹಸಿವು ನೀಗುವುದರಿಂದ. ಹಣ್ಣು ತಿನ್ನಿ, ಒಳ್ಳೆಯದೇ. ಅದನ್ನು ಔಷಧಿ ಎಂದುಕೊಳ್ಳಬೇಡಿ.

ಅಶ್ವಗಂಧ, ಕೇಸರಿ?

ಅಶ್ವಗಂಧದಿಂದ ಒತ್ತಡ ಸ್ವಲ್ಪ ತಗ್ಗುತ್ತದೆ, ಕೇಸರಿಯಿಂದ ಸೌಮ್ಯ ಖಿನ್ನತೆಗೆ ಸ್ವಲ್ಪ ಅನುಕೂಲವಾಗುತ್ತದೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಕಡಿಮೆ ಜನರ ಮೇಲೆ, ಕೆಲವೇ ವಾರ ನಡೆದವು. ಅಶ್ವಗಂಧವು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ನಿದ್ದೆ ಮಾತ್ರೆಯ ಮಂಪರು ಹೆಚ್ಚಿಸಬಹುದು, ಅಪರೂಪಕ್ಕೆ ಯಕೃತ್ತಿಗೂ ಹಾನಿ ಮಾಡಬಹುದು. ಗರ್ಭಿಣಿಯರಿಗೆ ಅದು ಬೇಡ.

ಆನ್‌ಲೈನ್‌ನಲ್ಲಿ ಸಿಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಅದು ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ಅಪಾಯಕಾರಿ.

ಉಪ್ಪು ಬಿಡುವುದರಲ್ಲಿ ಏನು ತಪ್ಪು?

ಬೈಪೋಲಾರ್ ಕಾಯಿಲೆ ಇರುವ ಅನೇಕರಿಗೆ ವೈದ್ಯರು ಲಿಥಿಯಂ ಕೊಡುತ್ತಾರೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಮನೋವೈದ್ಯರು ಇದರ ಉಪಯೋಗವನ್ನು ತೋರಿಸಿಕೊಟ್ಟರು. ವಿಶೇಷವೆಂದರೆ, ಲಿಥಿಯಂ ಕೂಡ ಕಲ್ಲು, ನೀರಿನಲ್ಲಿ ಸಿಗುವ ನೈಸರ್ಗಿಕ ವಸ್ತುವೇ! ಹಾಗಿದ್ದರೂ ಅದರ ಪ್ರಮಾಣ ಸ್ವಲ್ಪ ಹೆಚ್ಚಾದರೂ ವಿಷವಾಗುತ್ತದೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ದೇಹದಲ್ಲಿ ಉಪ್ಪು ಅಥವಾ ನೀರು ಕಡಿಮೆಯಾದಾಗ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಉಳಿಸಿಕೊಳ್ಳುತ್ತವೆ. ಹಾಗಾಗಿ ಉಪ್ಪು ಬಿಡುವ ಡಿಟಾಕ್ಸ್, ನೀರೂ ಕುಡಿಯದ ಉಪವಾಸ, ಭೇದಿ ಮಾಡಿಸುವ ಚೂರ್ಣ ಇವರಿಗೆ ಅಪಾಯ. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಯೂ ಲಿಥಿಯಂ ಮಟ್ಟವನ್ನು ಏರಿಸುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವುದು, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹಾಗೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದೂ ತಪ್ಪು. ಲಿಥಿಯಂ ದಿಢೀರ್ ನಿಲ್ಲಿಸಿದರೆ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚು. ಬಿಡಬೇಕೆನಿಸಿದರೆ ವೈದ್ಯರಿಗೆ ಹೇಳಿ. ಅವರೇ ಹಂತ ಹಂತವಾಗಿ ಕಡಿಮೆ ಮಾಡುತ್ತಾರೆ.

ಹಾಗಾದರೆ ಮಾಡಬಹುದಾದ್ದು ಏನು?

ನಿದ್ದೆ: ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಬೈಪೋಲಾರ್ ಇರುವವರಿಗೆ ಒಂದೆರಡು ರಾತ್ರಿಯ ನಿದ್ದೆಗೇಡೇ ಉನ್ಮಾದಕ್ಕೆ ದಾರಿಯಾಗಬಹುದು.

ನಡಿಗೆ: ವಾರಕ್ಕೆ 150 ನಿಮಿಷದಷ್ಟು ಚುರುಕಾದ ನಡಿಗೆ ಅಥವಾ ಬೇರೆ ವ್ಯಾಯಾಮ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗಿನ ಬಿಸಿಲಲ್ಲಿ ನಡೆದರೆ ನಿದ್ದೆಯ ಗಡಿಯಾರವೂ ಸರಿಹೋಗುತ್ತದೆ.

ಯೋಗ, ಉಸಿರಾಟ: ಒತ್ತಡ ಇಳಿಸಲು ಸಹಕಾರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯ ಜೊತೆಗೆ ಯೋಗವನ್ನೂ ಕಲಿಸುತ್ತಾರೆ. ಜೊತೆಗೆ ಎಂಬುದನ್ನು ಗಮನಿಸಿ. ಚಿಕಿತ್ಸೆಯ ಬದಲಿಗೆ ಅಲ್ಲ.

ಡೈರಿ: ಮೂಡ್, ನಿದ್ದೆ, ಮುಟ್ಟಿನ ದಿನಾಂಕವನ್ನು ಎರಡು ತಿಂಗಳು ಬರೆದಿಡಿ. ಕಾರಣ ಪತ್ತೆ ಹಚ್ಚಲು ವೈದ್ಯರಿಗೆ ಇದರಿಂದ ಬಹಳ ಅನುಕೂಲ.

ಕಾಫಿ, ಮದ್ಯ: ಸಂಜೆ ಮೇಲೆ ಕಾಫಿ ಬೇಡ. ಮದ್ಯ ಕುಡಿದ ಹೊತ್ತಿಗೆ ಹಗುರ ಎನಿಸಿದರೂ ನಿದ್ದೆಯನ್ನೂ ಮನಸ್ಸನ್ನೂ ಕೆಡಿಸುತ್ತದೆ.

ಯಾವಾಗ ವೈದ್ಯರನ್ನು ಕಾಣಬೇಕು?

ಎರಡು ವಾರ ಬಿಡದೆ ಬೇಸರ ಕಾಡಿದರೆ, ನಿದ್ದೆಯಿಲ್ಲದೆಯೂ ದಿನಗಟ್ಟಲೆ ದಣಿವಾಗದಿದ್ದರೆ, ಹಣವನ್ನು ಮನಸೋಇಚ್ಛೆ ಖರ್ಚು ಮಾಡುತ್ತಿದ್ದರೆ ತಡ ಮಾಡಬೇಡಿ. ಸಾಯುವ ಯೋಚನೆ ಬಂದರೆ ಅಂದೇ ಯಾರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಸಲ 'ಮಾತ್ರೆ ಬಿಡಿ, ಇದನ್ನು ಕುಡಿಯಿರಿ' ಎಂಬ ಮೆಸೇಜ್ ಬಂದರೆ ಅದನ್ನು ಫಾರ್ವರ್ಡ್ ಮಾಡಬೇಡಿ. ನಿಮ್ಮ ಗ್ರೂಪಿನಲ್ಲಿ ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಅದರ ಬದಲು 14416 ಎಂಬ ಸಂಖ್ಯೆಯನ್ನು ಕಳುಹಿಸಿ.